ಅರ್ಧ ಅಂಕ

ಫಹಾಹೀಲಿನ ಕ್ಲಿನಿಕ್ಕಿನಲ್ಲಿ ಬುಧವಾರ ದಮ್ಮಿನವರ ದಿನ.
ಹೊರಗೆ ತೋಝ್ ಎದ್ದಿದೆ.
ಕಡಲೂ ಕಾಣದು, ರಿಫೈನರಿಯ ಬೆಂಕಿಯೂ ಕಾಣದು,
ಯಾರೋ ಮೇಲಿನಿಂದ ಊರನ್ನೇ ಸಾಣಿಸುತ್ತಿರುವ ಹಾಗೆ
ಹಳದಿ.

ನನ್ನ ಮೇಜಿನ ಮೇಲೆ ಮೂವತ್ತು ಪ್ರಶ್ನೆ.
'ಕಳೆದ ಎರಡು ವಾರದಲ್ಲಿ' ಎಂದೇ ಎಲ್ಲದರ ಶುರು.
ಒಂದು ಎಂದರೆ ಪೂರಾ ಕಷ್ಟ, ಏಳೆಂದರೆ ಕಷ್ಟವೇ ಇಲ್ಲ,
ನಡುವಿನ ಐದು ಮೆಟ್ಟಿಲಿಗೆ
ಇಂಗ್ಲಿಷಿನಲ್ಲೂ ಅರಬಿಯಲ್ಲೂ ಅಚ್ಚಾದ ಹೆಸರುಗಳಿವೆ.
ನಾನು ಕನ್ನಡದಲ್ಲಿ ತಡಕುತ್ತೇನೆ:
ಸ್ವಲ್ಪ, ಚೂರು, ತಕ್ಕಮಟ್ಟಿಗೆ, ಅಷ್ಟೇನಿಲ್ಲ —
ಯಾವುದು ಯಾವುದರ ಹೆಗಲ ಮೇಲೆ ಕೂರಬೇಕು?

ಅರ್ಧ ಅಂಕ ಏರಿದರೆ ಮನುಷ್ಯನಿಗೆ ತಿಳಿಯುತ್ತದೆ,
ಎಂದಿದ್ದರು ಡಾಕ್ಟರ್ ಬುಥೈನಾ, ಪೆನ್ನಿನ ಮುಚ್ಚಳ ಕಚ್ಚಿಕೊಂಡು.
ಅದಕ್ಕಿಂತ ಕಡಿಮೆಯಾದರೆ
ಬರೇ ಗದ್ದಲ.

ಬೆಳಿಗ್ಗೆ ಶುಐಬಾ ಯಾರ್ಡಿನ ಮೋನಪ್ಪ ಬಂದಿದ್ದ.
ಒಂದೂ ಕಾಲು ಅಂಕ ಏರಿಕೆ!
ಈಜು? ಬಿಟ್ಟೆ ಸಿಸ್ಟರ್.
ಮೆಟ್ಟಿಲು? ಕೆಳಗಿನ ರೂಮಿಗೆ ಬಂದೆನಲ್ಲ.
ಭಜನೆ? ಈಗ ತಾಳ ಮಾತ್ರ ಹಾಕುದು.
ಕಷ್ಟ ಎಂತದೂ ಇಲ್ಲ, ಏಳೇ ಬರೀರಿ.
ಬರೆದೆ. ಏಳು, ಏಳು, ಏಳು.
ಅವನ ಹೆಸರಿನ ಮುಂದೆ ಕಂಪ್ಯೂಟರು ಹಸಿರು ಬಾಣ ಮೂಡಿಸಿತು,
ತುದಿ ಮೇಲಕ್ಕೆ.
ನಾನು ಚಹಾ ಕುಡಿಯಲು ಎದ್ದು ಹೋಗಿ, ಕುಡಿಯದೆ ಬಂದೆ.

ಈಗ ಹಸನಬ್ಬ.
ಖುಬ್ಬೂಸಿನ ಬೇಕರಿ, ಹದಿನೇಳು ವರ್ಷದ ಹಿಟ್ಟು,
ಹುಬ್ಬಿನಲ್ಲಿ ಇನ್ನೂ ಒಂದಿಷ್ಟು ಬಾಕಿ.
ಚಳಿಗಾಲದಲ್ಲಿ ಕೇಳಿದ್ದೆ:
ನಿಮಗೆ ಬೇಕೇಬೇಕಾದದ್ದು, ದಮ್ಮಿನಿಂದ ಆಗದ್ದು, ಹೇಳಿ.
ಬೆರಳು ಮಡಚಿದ್ದರು.
ಮೂರನೇ ಮಾಳಿಗೆಯ ಮೆಟ್ಟಿಲು.
ಬೆನ್ನು ಚಾಚಿ ಮಲಗುವುದು.
ಫಜ್ರಿಗೆ ಮಸೀದಿಯ ತನಕ, ನಡುವೆ ನಿಲ್ಲದೆ.
ಕೊನೆಗೆ ಕಿರುಬೆರಳು ಹಿಡಿದುಕೊಂಡೇ ಕೂತರು ತುಸು ಹೊತ್ತು —
'ಮಗಳಿಗೆ ಫೋನಿನಲ್ಲಿ ಕತೆ ಹೇಳುದು.
ಅದರಲ್ಲಿ ಒಂದು ಜಿನ್ನು ಉಂಟು ಸಿಸ್ಟರ್, ಅದು ನಗಬೇಕು.
ಎರಡು ಹ್ಹ ಆಗುವಾಗ ಕೆಮ್ಮು ಬರ್ತದೆ.
ಕೆಮ್ಮುವ ಜಿನ್ನಿಗೆ ಯಾರು ಹೆದರ್ತಾರೆ?
ಅವಳೇ ಹೇಳ್ತಾಳೆ, ಅಬ್ಬಾ, ಅದಕ್ಕೆ ಬಿಸಿನೀರು ಕೊಡು.'

ಇವತ್ತು ಮತ್ತೆ ಅದೇ ಮೂವತ್ತು.
ಹೊಗೆ? ಹಾಗೇ ಉಂಟು.
ಧೂಳು? ಅವರು ಕಿಟಕಿ ತೋರಿಸಿ ಸುಮ್ಮನಾದರು.
ಮೆಟ್ಟಿಲಿಗೆ ಒಂದು ಹೆಚ್ಚು, ನಿದ್ದೆಗೆ ಎರಡು,
ಮಸೀದಿಗೆ ಮೂರು.
ಜಿನ್ನಿಗೂ ಮೂರು.
ಕೂಡಿಸಿದರೆ ಒಂಬತ್ತು,
ಮೂವತ್ತರಿಂದ ಭಾಗಿಸಿದರೆ
ಸೊನ್ನೆ ಪಾಯಿಂಟ್ ಮೂರು.
ಇನ್ನೊಮ್ಮೆ ಭಾಗಿಸಿದೆ, ಕೈಬರಹದಲ್ಲಿ,
ಶಾಲೆಯ ಹುಡುಗಿಯ ಹಾಗೆ ಶೇಷ ಇಳಿಸಿ.
ಅಷ್ಟೇ.

'ಪಾಸಾ, ಫೇಲಾ?' ಕೇಳಿದರು ಹಸನಬ್ಬ.
ಇದು ಹಾಗಲ್ಲ, ಎಂದೆ.
ಮತ್ತೆ ಹೇಗೆ, ಎಂದು ಅವರು ಕೇಳಲಿಲ್ಲ.
ಇನ್ಹೇಲರನ್ನು ಕಿಸೆಗಿಳಿಸಿ, ಬಾಗಿಲವರೆಗೆ ಹೋಗಿ,
ಏನೋ ಮರೆತವರ ಹಾಗೆ ತಿರುಗಿದರು.

'ನೀವು ಕೇಳಲೇ ಇಲ್ಲ ಅಲ್ವಾ, ಹೇಗೆ ನಗ್ತದೆ ಅಂತ?'

ಎದೆಯನ್ನು ಒಲೆಯ ಬಾಯಿಯಷ್ಟು ಅಗಲ ಮಾಡಿ
ಹ್ಹ
ಹ್ಹ
ಹ್ಹ
ನಾನು ಕಾದೆ, ಕೆಮ್ಮಿಗೆ.
ಹ್ಹ
ಹ್ಹ

ಕಾರಿಡಾರಿನಲ್ಲಿ ನೆಬ್ಯುಲೈಸರಿನ ಮುಖವಾಡ ತೊಟ್ಟು ಕೂತಿದ್ದ
ಪುಟ್ಟ ಹುಡುಗಿ, ಯಾರ ಮಗಳೋ,
ಮಂಜಿನೊಳಗಿಂದ ಕಣ್ಣಗಲಿಸಿ
ತಾಯಿಯ ಅಬಾಯಾದ ಚುಂಗನ್ನು
ಎರಡೂ ಕೈಯಲ್ಲಿ ಹಿಡಿದುಕೊಂಡಳು.